ಕಿವಿಯೊಳಗಿನ ರಿಕಾಪು ಮೂಳೆ ಬಿಗಿದ್ರೆ: ಸುಮ್ನಿರೋದಾ, ಹಿಯರಿಂಗ್ ಏಡಾ, ಆಪರೇಷನ್ನಾ?

ನನ್ನ ಎಡಗಿವಿಲಿ ಆಪರೇಷನ್ ಮಾಡಿ ಹಾಕಿದ ಒಂದು ಪುಟ್ಟ ಪಿಸ್ಟನ್ ಇದೆ, ಬಲಗಿವಿಗೆ ಹಿಯರಿಂಗ್ ಏಡ್ ಹಾಕ್ಕೋತೀನಿ, ಎರಡು ಕಿವಿಗೂ ಬಂದಿರೋ ಕಾಯಿಲೆ ಮಾತ್ರ ಒಂದೇ, ಓಟೋಸ್ಕ್ಲೆರೋಸಿಸ್. ಹಾಗಾಗಿ ಇದೇ ಕಾಯಿಲೆ ಇದೆ ಅಂತ ಹೊಸದಾಗಿ ಗೊತ್ತಾದೋರು ಯಾರು ಸಿಕ್ಕಿದ್ರೂ ಮೊದ್ಲು ಕೇಳೋದು "ಎರಡರಲ್ಲಿ ಯಾವ್ದು ಒಳ್ಳೇದು, ಹೇಳಿ" ಅಂತ. ನಾನು ಪ್ರತಿ ಸಲ "ಮೊದ್ಲು ನಿಮ್ಮ ಆಡಿಯೋಗ್ರಾಂ ತೋರ್ಸಿ" ಅಂತೀನಿ. ಡಾಕ್ಟರ್ ಅಲ್ಲ ನಾನು, ಆದ್ರೆ ಕಿವಿಗೆ ಎಷ್ಟು ಕೇಳ್ಸತ್ತೆ ಅಂತ ಅಳೆದ ಆ ಚೀಟಿಲಿರೋ ಎರಡು ಗೆರೆ ಓದಕ್ಕೆ ಬಂದ್ರೆ ಅರ್ಧ ಗೊಂದಲ ಅಲ್ಲೇ ಮುಗಿಯತ್ತೆ, ಉಳಿದರ್ಧ ಗೊಂದಲ ಇನ್ನೊಂದು ಕಿವಿ ಹೇಗಿದೆ ಅನ್ನೋದರ ಮೇಲಿರತ್ತೆ. ಇದನ್ನೇ ನನಗೆ ಮೊದ್ಲೇ ಯಾರಾದ್ರೂ ಬಿಡಿಸಿ ಹೇಳಿದ್ದಿದ್ರೆ ಎರಡು ವರ್ಷ ಅನುಮಾನದಲ್ಲೇ ಒದ್ದಾಡ್ತಿರ್ಲಿಲ್ಲ.

ಮೊದ್ಲು ಒಳಗೆ ಏನಾಗಿರತ್ತೆ ಅಂತ ನೋಡೋಣ. ಕಿವಿ ತಮಟೆ ಹಿಂದೆ ಮೂರು ಮೂಳೆ ಸಾಲಾಗಿರ್ತವೆ, ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಸ್ಕೂಲಲ್ಲಿ ಓದಿರ್ತೀವಲ್ಲ, ಅವೇ. ಕೊನೇದು ರಿಕಾಪು, ಡಾಕ್ಟ್ರು ಸ್ಟೇಪಿಸ್ ಅಂತಾರೆ, ಸುಮಾರು 3 ಮಿಲಿಮೀಟರ್ ಎತ್ತರ, 3 ಮಿಲಿಗ್ರಾಂ ತೂಕ, ದೇಹದಲ್ಲಿ ಇದಕ್ಕಿಂತ ಸಣ್ಣ ಮೂಳೆ ಇಲ್ಲ. ಇದರ ಪಾದ ಒಳಗಿವಿಯ ಒಂದು ಮೊಟ್ಟೆಯಾಕಾರದ ಕಿಂಡಿ ಮೇಲೆ ಕೂತಿರತ್ತೆ, ಶಬ್ದ ಬಂದಾಗ ಪಿಸ್ಟನ್ ಥರ ಒಳಗೆ ಹೊರಗೆ ಆಡಿ ಒಳಗಿರೋ ನೀರನ್ನ ಅಲುಗಾಡಿಸತ್ತೆ, ಆ ಅಲುಗಾಟಾನೇ ನರ ಹಿಡಿದು ಮಿದುಳಿಗೆ ಕಳಿಸತ್ತೆ. ಒಳಗಿವಿ ಸುತ್ತ ಇರೋ ಮೂಳೆ ವಿಚಿತ್ರದ್ದು, ತುಂಬಾ ಗಟ್ಟಿ, ಮೈಯಲ್ಲಿರೋ ಬೇರೆ ಮೂಳೆಗಳೆಲ್ಲ ಜೀವನಪೂರ್ತಿ ಹಳೇದನ್ನ ಕರಗಿಸಿ ಹೊಸದು ಕಟ್ಕೊಳ್ತಾ ಇದ್ರೆ ಇದು ಒಂದ್ಸಲ ಕಟ್ಟಿ ಮುಗಿದ ಮೇಲೆ ಹೆಚ್ಚುಕಮ್ಮಿ ಹಾಗೇ ಇರತ್ತೆ. ಓಟೋಸ್ಕ್ಲೆರೋಸಿಸ್‌ನಲ್ಲಿ ಈ ಮಲಗಿದ್ದ ಮೂಳೆ ಎದ್ಬಿಡತ್ತೆ. ಮೊದ್ಲು ಸ್ಪಂಜಿನ ಥರ ಮೆತ್ತಗಾಗತ್ತೆ, ರಕ್ತನಾಳ ಜಾಸ್ತಿ ಆಗತ್ತೆ, ಆಮೇಲೆ ಅಲ್ಲೇ ಹೊಸ ಮೂಳೆ ಬೆಳ್ದು ಗಟ್ಟಿಯಾಗತ್ತೆ. ಇದು ಶುರುವಾಗೋದು ಹೆಚ್ಚಾಗಿ ಆ ಕಿಂಡಿಯ ಮುಂದಿನ ಅಂಚಲ್ಲೇ, ಅಲ್ಲಿಂದ ಹರಡಿ ರಿಕಾಪಿನ ಪಾದಾನ ಹಿಡ್ಕೊಂಡ್ಬಿಡತ್ತೆ. ಮಳೆಗಾಲದಲ್ಲಿ ಮರದ ಬಾಗಿಲು ಊದಿ ಚೌಕಟ್ಟಿಗೆ ಕಚ್ಕೊಳತ್ತಲ್ಲ, ಹಾಗೆ. ತಮಟೆ ಚೆನ್ನಾಗಿದೆ, ನರಾನೂ ಚೆನ್ನಾಗಿದೆ, ಮಧ್ಯದ ಬಾಗಿಲು ಮಾತ್ರ ತೆಗೆಯಲ್ಲ.

ಯಾಕೆ ಬರತ್ತೆ ಅನ್ನೋದಕ್ಕೆ ಒಂದೇ ಕಾರಣ ಇಲ್ಲ. ಮನೆತನದಲ್ಲಿ ಬರೋದು ನಿಜ, ಸುಮಾರು ಅರ್ಧದಷ್ಟು ಜನರಿಗೆ ಮನೇಲಿ ಇನ್ನೊಬ್ರಿಗೆ ಇದೇ ಥರ ಕಿವಿ ಮಂದ ಆಗಿರೋ ಕತೆ ಇರತ್ತೆ, ಆದ್ರೆ ಜೀನ್ ಬಂದೋರಿಗೆಲ್ಲ ಕಾಯಿಲೆ ಬರ್ಲೇಬೇಕು ಅಂತೇನಿಲ್ಲ, ಸುಮಾರು 40 ಪರ್ಸೆಂಟ್ ಜನರಲ್ಲಿ ಮಾತ್ರ ಹೊರಗೆ ಕಾಣ್ಸತ್ತೆ. ದಡಾರದ ವೈರಸ್‌ಗೂ ಇದಕ್ಕೂ ನಂಟಿದೆ ಅಂತ ಆಪರೇಷನ್‌ನಲ್ಲಿ ತೆಗೆದ ಮೂಳೆ ಚೂರುಗಳಲ್ಲಿ ವೈರಸ್ಸಿನ ಕುರುಹು ಸಿಕ್ಕಿರೋದ್ರಿಂದ ಹೇಳ್ತಾರೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚುಕಮ್ಮಿ ಎರಡರಷ್ಟು, ಶುರುವಾಗೋ ವಯಸ್ಸು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಒಳಗೆ, 70-80 ಪರ್ಸೆಂಟ್ ಜನರಿಗೆ ಎರಡೂ ಕಿವಿಗೆ ಬರತ್ತೆ, ಒಂದಕ್ಕೆ ಮೊದ್ಲು ಇನ್ನೊಂದಕ್ಕೆ ಆಮೇಲೆ. ಬಸುರಿಯಾದ್ರೆ ಜಾಸ್ತಿಯಾಗತ್ತೆ ಅಂತ ತುಂಬಾ ಕಾಲ ಹೇಳ್ತಾ ಬಂದ್ರು, ಮಕ್ಕಳಿರೋ ಮತ್ತು ಇಲ್ಲದಿರೋ ಹೆಂಗಸರನ್ನ ಹೋಲಿಸಿ ನೋಡಿದಾಗ ಅಂಥ ವ್ಯತ್ಯಾಸ ಕಾಣದೇ ಇರೋದೂ ಇದೆ, ಹಾಗಾಗಿ ಈ ಕಾಯಿಲೆ ಇದೆ ಅನ್ನೋ ಒಂದೇ ಕಾರಣಕ್ಕೆ ಮಗು ಬೇಡ ಅಂತ ಯಾರಾದ್ರೂ ಹೆದರಿಸಿದ್ರೆ ಇನ್ನೊಬ್ರು ಡಾಕ್ಟರ್ ಹತ್ರ ಕೇಳಿ. ಮತ್ತೆ, ಕಿವಿಗೆ ಕಡ್ಡಿ ಹಾಕಿದ್ದಕ್ಕೆ, ಇಯರ್‌ಫೋನ್ ಹಾಕಿದ್ದಕ್ಕೆ, ತಣ್ಣೀರು ಸ್ನಾನ ಮಾಡಿದ್ದಕ್ಕೆ ಇದು ಬರಲ್ಲ.

ಜಾಣ ಕಿವುಡು ಅಂತ ಬೈಸ್ಕೊಂಡ ಕಾಲ

ಇದರ ಲಕ್ಷಣಗಳೇ ಹಾಗಿವೆ, ಸುತ್ತಲಿನೋರು ನಂಬಲ್ಲ. ನೆಗಡಿ ಇಲ್ಲ, ಕಿವಿ ಸೋರಲ್ಲ, ನೋವಿಲ್ಲ. ನಿಧಾನಕ್ಕೆ ಶಬ್ದ ಸಣ್ಣಗಾಗ್ತಾ ಹೋಗತ್ತೆ, ಅದರಲ್ಲೂ ಮೊದ್ಲು ಹೋಗೋದು ದಪ್ಪ ದನಿಗಳು, ಅಂದ್ರೆ ಗಂಡಸರ ಮೆಲುದನಿ. ನರದ ತೊಂದರೆ ಇರೋರು ಸಾಮಾನ್ಯವಾಗಿ ಜೋರಾಗಿ ಮಾತಾಡ್ತಾರೆ, ನಾವು ಉಲ್ಟಾ, ನಮ್ಮ ದನಿ ನಮಗೆ ಮೂಳೆ ಮೂಲಕ ಜೋರಾಗಿ ಕೇಳ್ಸೋದ್ರಿಂದ ಮೆಲ್ಲಗೆ ಮಾತಾಡ್ತೀವಿ. ಇನ್ನೂ ತಮಾಷೆ ಅಂದ್ರೆ ಗದ್ದಲದಲ್ಲಿ ನಮಗೆ ಚೆನ್ನಾಗಿ ಕೇಳ್ಸತ್ತೆ, ಬಸ್ಸಿನ ಇಂಜಿನ್ ಸದ್ದಿನ ಮೇಲೆ ಎಲ್ರೂ ದನಿ ಏರಿಸಿ ಮಾತಾಡ್ತಾರೆ, ಆ ಇಂಜಿನ್ ಸದ್ದು ನಮಗೆ ಅಷ್ಟು ಕೇಳ್ಸಲ್ಲ, ಏರಿಸಿದ ದನಿ ಮಾತ್ರ ಕೇಳ್ಸತ್ತೆ. ಇದಕ್ಕೆ ಪ್ಯಾರಾಕ್ಯೂಸಿಸ್ ಆಫ್ ವಿಲಿಸ್ ಅಂತ ಹೆಸರೂ ಇದೆ. ಮನೇಲಿ ಕೂಗಿದ್ರೆ ಕೇಳ್ಸಲ್ಲ, ಬಸ್ಸಲ್ಲಿ ಎಲ್ಲಾ ಕೇಳ್ಸತ್ತೆ, ಅಂದ್ಮೇಲೆ ಜಾಣ ಕಿವುಡು ಅನ್ನದೇ ಇನ್ನೇನಂತಾರೆ ಪಾಪ. ಜೊತೆಗೆ ಕಿವಿಲಿ ಗುಂಯ್ ಅನ್ನೋದು ಸುಮಾರು ಜನರಿಗೆ ಇರತ್ತೆ, ಕೆಲವರಿಗೆ ಸ್ವಲ್ಪ ತಲೆಸುತ್ತು.

ಬಾಯಿ ಮುಚ್ಕೊಂಡು ಹೂಂ ಅಂತ ಒಂದೇ ಸಮ ಗುನುಗಿ ನೋಡಿ. ಮಂದ ಇರೋ ಕಿವಿಲೇ ಜೋರಾಗಿ ಕೇಳ್ಸಿದ್ರೆ ತೊಂದರೆ ಬಹುಶಃ ನರದ್ದಲ್ಲ, ಶಬ್ದ ಒಳಗೆ ಹೋಗೋ ದಾರಿದು. ಗುಗ್ಗೆ ಕಟ್ಟಿದ್ರೂ ಹೀಗೇ ಆಗತ್ತೆ, ಹಾಗಾಗಿ ಇದೊಂದೇ ನೋಡ್ಕೊಂಡು ಏನೂ ತೀರ್ಮಾನ ಮಾಡ್ಬೇಡಿ. ಇ.ಎನ್.ಟಿ ಡಾಕ್ಟ್ರು ಇದನ್ನೇ 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಇಟ್ಟು ಮಾಡ್ತಾರೆ, ಹಣೆ ಮೇಲಿಟ್ರೆ ಕೆಟ್ಟ ಕಿವಿ ಕಡೆಗೆ ಹೋಗತ್ತೆ, ಕಿವಿ ಮುಂದೆ ಹಿಡಿದ್ರೆ ಕೇಳೋದಕ್ಕಿಂತ ಕಿವಿ ಹಿಂದಿನ ಮೂಳೆಗೆ ಒತ್ತಿದ್ರೆ ಜೋರಾಗಿ ಕೇಳ್ಸತ್ತೆ. ಇಷ್ಟೆಲ್ಲಾ ಮಿಷಿನ್ ಬಂದ್ಮೇಲೂ ಒಳ್ಳೆ ಸರ್ಜನ್‌ಗಳು ಆಪರೇಷನ್ ದಿನ ಬೆಳಿಗ್ಗೆ ಕೂಡ ಫೋರ್ಕ್ ಇಟ್ಟು ನೋಡ್ತಾರೆ, ಆಡಿಯೋಗ್ರಾಂ ತಪ್ಪಾಗಿದ್ರೆ ಅಲ್ಲಿ ಸಿಕ್ಬೀಳತ್ತೆ ಅಂತ.

ತಮಟೆ ನೋಡಿದ್ರೆ ಸಾಮಾನ್ಯವಾಗಿ ಏನೂ ಕಾಣ್ಸಲ್ಲ. ಸುಮಾರು ಹತ್ತರಲ್ಲೊಬ್ರಿಗೆ ತಮಟೆ ಹಿಂದೆ ಗುಲಾಬಿ ಕೆಂಪು ಛಾಯೆ ಕಾಣ್ಸತ್ತೆ, ಕಾಯಿಲೆ ಇನ್ನೂ ಚುರುಕಾಗಿದೆ ಅಂತ ಅದರರ್ಥ. ಆಮೇಲೆ ಟಿಂಪಾನೋಮೆಟ್ರಿ, ಅಂದ್ರೆ ಗಾಳಿಯ ಒತ್ತಡ ಬದಲಿಸಿ ತಮಟೆ ಎಷ್ಟು ಆಡತ್ತೆ ಅಂತ ನೋಡೋದು, ಮತ್ತೆ ಸ್ಟೇಪಿಡಿಯಲ್ ರಿಫ್ಲೆಕ್ಸ್. ಈ ರಿಫ್ಲೆಕ್ಸ್ ಟೆಸ್ಟನ್ನ ಸುಮಾರು ಕಡೆ ಬಿಟ್ಬಿಡ್ತಾರೆ, ಬಿಡ್ಬಾರ್ದು. ಜೋರು ಶಬ್ದಕ್ಕೆ ರಿಕಾಪಿಗೆ ಅಂಟಿರೋ ಸ್ನಾಯು ಬಿಗಿಯಾಗತ್ತೆ, ರಿಕಾಪು ಕಚ್ಕೊಂಡಿದ್ರೆ ಆ ರಿಫ್ಲೆಕ್ಸ್ ಸಿಗಲ್ಲ. ರಿಫ್ಲೆಕ್ಸ್ ಚೆನ್ನಾಗೇ ಸಿಗ್ತಿದೆ, ಆದ್ರೂ ಆಡಿಯೋಗ್ರಾಂನ ಎರಡು ಗೆರೆ ಮಧ್ಯೆ ಅಂತರ ಇದೆ ಅಂದ್ರೆ ಅದು ಬೇರೇನೋ ಇರ್ಬೋದು, ಮುಖ್ಯವಾಗಿ ಒಳಗಿವಿಯ ಮೇಲಿನ ಅರ್ಧವೃತ್ತದ ನಾಳದ ಮೇಲೆ ಮೂಳೆ ತೆಳ್ಳಗಾಗಿ ತೂತಾಗಿರೋ ಕಾಯಿಲೆ, ಅದಕ್ಕೆ ರಿಕಾಪಿನ ಆಪರೇಷನ್ ಮಾಡಿದ್ರೆ ಒಂದು ಚೂರೂ ಉಪಯೋಗ ಇಲ್ಲ. ಇದೇ ಕಾರಣಕ್ಕೆ ಕಿವಿ ಸುತ್ತಲಿನ ತಲೆಮೂಳೆಯ, ಅಂದ್ರೆ ಟೆಂಪೊರಲ್ ಬೋನ್ ಸಿಟಿ ಸ್ಕ್ಯಾನ್ ಮಾಡಿಸೋದು ವಾಸಿ ಅಂತ ನನ್ನ ಅಭಿಪ್ರಾಯ. ಎಲ್ಲಾ ಸರ್ಜನ್‌ಗಳೂ ಎಲ್ರಿಗೂ ಮಾಡಿಸಲ್ಲ, ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಾನೂ ಅಲ್ಲ, ಆದ್ರೆ ಹುಟ್ಟಿಂದಲೇ ಒಳಗಿವಿ ರಚನೆ ಬೇರೆ ಥರ ಇದ್ಯಾ, ಮುಖದ ನರ ಕಿಂಡಿ ಮೇಲೆ ಜೋತುಬಿದ್ದಿದ್ಯಾ, ಕಾಯಿಲೆ ಕಾಕ್ಲಿಯ, ಅಂದ್ರೆ ಒಳಗಿವಿಲಿ ಶಬ್ದ ಹಿಡಿಯೋ ಬಸವನಹುಳದ ಥರದ ಭಾಗದ ಸುತ್ತ ಹರಡಿದ್ಯಾ ಅನ್ನೋದು ಕತ್ತಿ ಹಿಡಿಯೋಕ್ಕಿಂತ ಮುಂಚೆ ಗೊತ್ತಿದ್ರೆ ಒಳ್ಳೇದಲ್ವಾ.

ಎರಡು ಗೆರೆ

ಈಗ ಮುಖ್ಯ ವಿಷ್ಯ. ಆಡಿಯೋಗ್ರಾಂನಲ್ಲಿ ಪ್ರತಿ ಕಿವಿಗೂ ಎರಡು ಗೆರೆ ಇರತ್ತೆ. ಒಂದು ಹೆಡ್‌ಫೋನ್ ಹಾಕಿ ಕೇಳ್ಸಿದ್ದು, ಅದು ಏರ್ ಕಂಡಕ್ಷನ್. ಇನ್ನೊಂದು ಕಿವಿ ಹಿಂದಿನ ಮೂಳೆಗೆ ಅದುರೋ ಡಬ್ಬಿ ಒತ್ತಿ ಕೇಳ್ಸಿದ್ದು, ಅದು ಬೋನ್ ಕಂಡಕ್ಷನ್. ಮೂಳೆ ಗೆರೆ ನಿಮ್ಮ ನರ ಎಷ್ಟು ಚೆನ್ನಾಗಿದೆ ಅಂತ ಹೇಳತ್ತೆ, ಎರಡರ ಮಧ್ಯದ ಅಂತರ ಬಾಗಿಲು ಎಷ್ಟು ಕಚ್ಕೊಂಡಿದೆ ಅಂತ ಹೇಳತ್ತೆ. ಆಪರೇಷನ್ ಮುಚ್ಚೋದು ಈ ಅಂತರಾನ ಮಾತ್ರ. ನರಾನ ಅದು ಸರಿಮಾಡಲ್ಲ. ಒಂದು ಸಣ್ಣ ವಿಚಿತ್ರ ಇದೆ, 2000 ಹರ್ಟ್ಸ್ ಹತ್ರ ಮೂಳೆ ಗೆರೆ ಒಂಚೂರು ಕುಸಿದಿರತ್ತೆ, ಕಾರ್ಹಾರ್ಟ್ ನಾಚ್ ಅಂತಾರೆ, ಅದು ನರದ ತೊಂದರೆ ಅಲ್ಲ, ರಿಕಾಪು ಕಚ್ಕೊಂಡಿರೋದ್ರಿಂದ ಹಾಗೆ ಕಾಣ್ಸೋದು, ಆಪರೇಷನ್ ಸರಿಹೋದ್ರೆ ಅದೂ ಹೋಗತ್ತೆ.

ಒಂದು ಲೆಕ್ಕ ಹಾಕಿ ನೋಡೋಣ, ಅಂಕಿ ಜಾಸ್ತಿ ಆದಷ್ಟೂ ಕಿವಿ ಮಂದ ಅಂತ ಓದ್ಕೊಳ್ಳಿ. ಒಬ್ರಿಗೆ ಏರ್ 50 ಡೆಸಿಬಲ್, ಬೋನ್ 10. ಅಂತರ 40. ಆಪರೇಷನ್ ಚೆನ್ನಾಗಾದ್ರೆ ಇವರು 15-20ಕ್ಕೆ ಬರ್ತಾರೆ, ಹಿಯರಿಂಗ್ ಏಡ್ ಬೇಕಾಗಲ್ಲ. ಇನ್ನೊಬ್ರಿಗೆ ಏರ್ 70, ಬೋನ್ 45. ಆಪರೇಷನ್ ಎಷ್ಟೇ ಚೆನ್ನಾಗಾದ್ರೂ 50ರ ಹತ್ರಾನೇ ನಿಲ್ಲತ್ತೆ, ಅಂದ್ರೆ ಆಮೇಲೂ ಹಿಯರಿಂಗ್ ಏಡ್ ಬೇಕು, ಚಿಕ್ಕ ಪವರ್‌ದು ಸಾಕಾಗತ್ತೆ ಅಷ್ಟೆ. ಇದೂ ಲಾಭಾನೇ, ಆದ್ರೆ "ಆಪರೇಷನ್ ಮಾಡಿಸ್ಕೊಂಡ್ರೆ ಮಿಷಿನ್ ಬಿಸಾಕ್ಬೋದು" ಅಂದ್ಕೊಂಡು ಹೋದ್ರೆ ಬೇಜಾರಾಗತ್ತೆ. ಮೂರನೆಯೋರಿಗೆ ಏರ್ 30, ಬೋನ್ 15. ಇವರಿಗೆ ಸಾಮಾನ್ಯವಾಗಿ ಯಾರೂ ಕತ್ತಿ ಹಾಕಲ್ಲ, ಅಂತರ 20-25 ಆದ್ರೂ ಇರ್ಬೇಕು, ಫೋರ್ಕ್ ಟೆಸ್ಟೂ ಅದನ್ನೇ ಹೇಳ್ಬೇಕು, ಆಮೇಲೆ ಮಾತು.

ಸುಮ್ನಿರೋದು

ಇದೂ ಒಂದು ಆಯ್ಕೆ, ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಓಟೋಸ್ಕ್ಲೆರೋಸಿಸ್ ಕ್ಯಾನ್ಸರ್ ಅಲ್ಲ, ನಾಳೇನೇ ಮಾಡಿಸ್ಬೇಕು ಅನ್ನೋ ಅರ್ಜೆಂಟಿಲ್ಲ, ನಿಧಾನದ ಕಾಯಿಲೆ. ತೊಂದರೆ ಕಮ್ಮಿ ಇದ್ರೆ ವರ್ಷಕ್ಕೊಂದ್ಸಲ ಆಡಿಯೋಗ್ರಾಂ ಮಾಡಿಸ್ತಾ ಇರ್ಬೋದು. "ಈಗ ಬಿಟ್ರೆ ಆಮೇಲೆ ಆಪರೇಷನ್ ಮಾಡಕ್ಕಾಗಲ್ಲ" ಅಂತ ಯಾರಾದ್ರೂ ಅವಸರ ಮಾಡಿದ್ರೆ ಅಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡಿ. ಮಾತ್ರೆ ಅಂತ ಇರೋದು ಸೋಡಿಯಂ ಫ್ಲೋರೈಡ್, 1960ರ ದಶಕದಿಂದ ಇದೆ, ಚುರುಕಾಗಿರೋ ಮೂಳೆನ ತಣ್ಣಗೆ ಮಾಡ್ಲಿ ಅಂತ ಕೊಡೋದು, ಅದರಲ್ಲೂ ಕಾಕ್ಲಿಯಕ್ಕೆ ಹರಡ್ತಿರೋರಿಗೆ ಕೆಲವು ಡಾಕ್ಟ್ರು ಕೊಡ್ತಾರೆ, ಆದ್ರೆ ಸಾಕ್ಷಿ ಅಷ್ಟು ಗಟ್ಟಿಯಾಗಿಲ್ಲ, ಹೊಟ್ಟೆ ಕೆಡಿಸೋದು ಉಂಟು. ಕಚ್ಕೊಂಡಿರೋ ರಿಕಾಪನ್ನ ಯಾವ ಮಾತ್ರೇನೂ ಬಿಡಿಸಲ್ಲ, ಎಣ್ಣೆ ಹಾಕಿದ್ರೂ ಬಿಡಲ್ಲ, ಯಾಕಂದ್ರೆ ಎಣ್ಣೆ ತಮಟೆ ದಾಟಿ ಒಳಗೇ ಹೋಗಲ್ಲ.

ಹಿಯರಿಂಗ್ ಏಡ್

ನಾನು ಮೊದ್ಲು ಹಾಕ್ಕೊಂಡಿದ್ದು ಇದನ್ನೇ, ಎರಡೂ ಕಿವಿಗೆ. ನರ ಚೆನ್ನಾಗಿರೋ ಕಿವಿಗೆ ಹಿಯರಿಂಗ್ ಏಡ್ ತುಂಬಾ ಚೆನ್ನಾಗಿ ಒಗ್ಗತ್ತೆ, ಇದು ಸುಮಾರು ಜನರಿಗೆ ಗೊತ್ತಿಲ್ಲ. ನರ ಸವೆದೋರಿಗೆ ಶಬ್ದ ಜೋರಾದ್ರೂ ಮಾತು ಕಲಸ್ಕೊಂಡಂಗೆ ಕೇಳ್ಸತ್ತೆ, ನಮಗೆ ಹಾಗಲ್ಲ, ಜೋರು ಮಾಡಿದ್ರೆ ಸಾಕು, ಮಾತು ಸ್ಪಷ್ಟ. ಅದಕ್ಕೇ "ಅಜ್ಜನಿಗೆ ಹಾಕ್ಸಿದ್ವಿ, ಪ್ರಯೋಜನ ಆಗ್ಲಿಲ್ಲ" ಅನ್ನೋ ಕತೆಗಳನ್ನ ತಲೆಗೆ ಹಾಕ್ಕೋಬೇಡಿ, ಅಜ್ಜನ ಕಿವಿ ಬೇರೆ ನಿಮ್ಮ ಕಿವಿ ಬೇರೆ. ಇದರ ದೊಡ್ಡ ಗುಣ ಅಂದ್ರೆ ಹಿಡಿಸ್ಲಿಲ್ಲ ಅಂದ್ರೆ ತೆಗೆದಿಡ್ಬೋದು, ಕಿವಿಗೆ ಏನೂ ಆಗಿರಲ್ಲ. ಆಪರೇಷನ್‌ನ ತೆಗೆದಿಡಕ್ಕಾಗಲ್ಲ. ಈ ಒಂದು ಕಾರಣಕ್ಕೇ ಯಾರು ಕೇಳಿದ್ರೂ ನಾನು ಮೊದ್ಲು ಕೆಲವು ತಿಂಗ್ಳು ಇದನ್ನ ಹಾಕ್ಕೊಂಡು ನೋಡಿ ಅಂತೀನಿ, ಆಮೇಲೆ ಆಪರೇಷನ್ ಬೇಕು ಅನ್ಸಿದ್ರೆ ಅದೇನು ಓಡಿಹೋಗಲ್ಲ.

ಕಷ್ಟಗಳೂ ಇವೆ. ಕಿವಿಯೊಳಗೆ ಕೂರೋ ಅಚ್ಚು, ಅಂದ್ರೆ ಮೌಲ್ಡ್ ಬಿಗಿಯಾಗಿದ್ರೆ ನಮ್ಮ ದನಿ ನಮಗೇ ಡ್ರಮ್ಮೊಳಗೆ ಮಾತಾಡ್ದಂಗೆ ಕೇಳ್ಸತ್ತೆ, ಅಗಿಯೋ ಸದ್ದು ಬೇರೆ. ಬೆವರು, ನೀರು, ಬ್ಯಾಟರಿ, ದಿಂಬಿಗೆ ತಲೆ ಇಟ್ರೆ ಕುಯ್ ಅನ್ನೋದು. ರಾತ್ರಿ ತೆಗೆದಿಟ್ಮೇಲೆ ಮತ್ತೆ ಮೌನ, ಮಗು ಅತ್ರೆ ಕೇಳ್ಸಲ್ಲ. ಕಾಯಿಲೆ ಮುಂದುವರಿಯೋದನ್ನೂ ಅದು ತಡೆಯಲ್ಲ, ವರ್ಷ ಕಳೆದಂತೆ ಪವರ್ ಏರಿಸ್ತಾ ಹೋಗ್ಬೇಕಾಗ್ಬೋದು. ಕಿವಿ ಸೋರೋದರಿಂದ್ಲೋ ಚರ್ಮದ ತೊಂದರೆಯಿಂದ್ಲೋ ಮೌಲ್ಡ್ ಹಾಕಕ್ಕೇ ಆಗ್ದಿರೋರಿಗೆ ಮೂಳೆ ಮೂಲಕ ಶಬ್ದ ಕಳಿಸೋ ಬೋನ್ ಕಂಡಕ್ಷನ್ ಸಾಧನಗಳಿವೆ, ಅದೂ ಮೂಳೆ ಗೆರೆ ಚೆನ್ನಾಗಿದ್ರೆ.

ಆಪರೇಷನ್

ಇದರ ಚರಿತ್ರೆ ಸ್ವಲ್ಪ ಗೊತ್ತಿದ್ರೆ ಈಗಿನ ಡಾಕ್ಟ್ರು ಹೇಳೋದು ಸುಲಭವಾಗಿ ಅರ್ಥ ಆಗತ್ತೆ. ರಿಕಾಪಿಗೆ ಕೈ ಹಾಕಿದ್ರೆ ಸೋಂಕು ಮಿದುಳಿಗೆ ಹೋಗತ್ತೆ ಅನ್ನೋ ಭಯದಲ್ಲಿ ತುಂಬಾ ಕಾಲ ಅದನ್ನ ಮುಟ್ತಾನೇ ಇರ್ಲಿಲ್ಲ, 1938ರಲ್ಲಿ ಜೂಲಿಯಸ್ ಲೆಂಪರ್ಟ್ ಒಳಗಿವಿಯ ಇನ್ನೊಂದು ಕಡೆ ಹೊಸ ಕಿಂಡಿ ಕೊರೆಯೋ ವಿಧಾನ ತಂದ್ರು, ಬಾಗಿಲು ತೆಗೆಯಲ್ಲ ಅಂತ ಗೋಡೆ ಒಡೆದಂಗೆ, ಕೇಳಿಸ್ತಿತ್ತು ಆದ್ರೆ ಪೂರ್ತಿ ಸರಿ ಹೋಗ್ತಿರ್ಲಿಲ್ಲ. 1952ರಲ್ಲಿ ಸ್ಯಾಮ್ಯುಯೆಲ್ ರೋಸೆನ್ ರಿಕಾಪನ್ನೇ ಅಲ್ಲಾಡಿಸಿ ಬಿಡಿಸಿದ್ರು, ಸುಮಾರು ಜನರಿಗೆ ಅದು ಮತ್ತೆ ಕಚ್ಕೊಳ್ತಿತ್ತು. 1956ರ ಮೇ 1ರಂದು ಜಾನ್ ಶೀ ರಿಕಾಪನ್ನ ಪೂರ್ತಿ ತೆಗೆದು ಟೆಫ್ಲಾನ್‌ನಲ್ಲಿ ಮಾಡಿದ ಕೃತಕ ರಿಕಾಪು ಹಾಕಿದ್ರು, ಇವತ್ತಿನ ಆಪರೇಷನ್‌ಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ಈಗ ಎರಡು ಥರ ಕೇಳ್ತೀರಿ, ಸ್ಟೇಪಿಡೆಕ್ಟಮಿ ಅಂದ್ರೆ ರಿಕಾಪಿನ ಪಾದಾನ ಪೂರ್ತಿನೋ ಬಹುಪಾಲೋ ತೆಗೆಯೋದು, ಸ್ಟೇಪಿಡೋಟಮಿ ಅಂದ್ರೆ ಮೇಲಿನ ಕಮಾನು ತೆಗೆದು ಪಾದದಲ್ಲಿ ಒಂದು ಮಿಲಿಮೀಟರ್‌ಗಿಂತ ಚಿಕ್ಕ ತೂತು ಮಾಡಿ ಅದರೊಳಗೆ 0.4ರಿಂದ 0.6 ಮಿಲಿಮೀಟರ್ ದಪ್ಪದ ಪಿಸ್ಟನ್ ಇಳಿಸಿ, ಮೇಲಿನ ಕೊಕ್ಕೆನ ಅಡಿಗಲ್ಲು ಮೂಳೆಗೆ ಸಿಗಿಸೋದು. ಇವತ್ತು ಹೆಚ್ಚಿನೋರು ಮಾಡೋದು ಎರಡನೇದು, ಒಳಗಿವಿಗೆ ಕಮ್ಮಿ ಪೆಟ್ಟು, ಮೇಲಿನ ಫ್ರೀಕ್ವೆನ್ಸಿಗಳು, ಅಂದ್ರೆ ಸ, ಶ, ಫ ಥರದ ಶಬ್ದಗಳು ಚೆನ್ನಾಗಿ ಉಳಿಯತ್ತೆ. ಆದ್ರೆ ಕೆಲವೊಮ್ಮೆ ತೂತು ಮಾಡೋವಾಗ ಪಾದಾನೇ ಒಡೆದು ಸ್ಟೇಪಿಡೆಕ್ಟಮಿ ಮಾಡ್ಬೇಕಾಗತ್ತೆ, ಅದು ಸರ್ಜನ್ ತಪ್ಪು ಅಂತಲ್ಲ. ತೂತನ್ನ ಲೇಸರ್‌ನಲ್ಲಿ ಮಾಡ್ತಾರಾ ಸಣ್ಣ ಡ್ರಿಲ್‌ನಲ್ಲಾ ಅಂತ ಜನ ತುಂಬಾ ತಲೆ ಕೆಡಿಸ್ಕೊಳ್ತಾರೆ, ಫಲಿತಾಂಶದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಪಿಸ್ಟನ್ ಟೆಫ್ಲಾನ್‌ದಾ, ಟೈಟಾನಿಯಂದಾ, ಬಿಸಿ ಮಾಡಿದ್ರೆ ತಾನೇ ಮುಚ್ಕೊಳೋ ನಿಟಿನಾಲ್‌ದಾ ಅನ್ನೋದೂ ಹೀಗೇ, ಸರ್ಜನ್ ಕೈಗೆ ಯಾವ್ದು ಪಳಗಿದೆಯೋ ಅದೇ ಒಳ್ಳೇದು. ಏನು ಹಾಕಿದ್ರು ಅನ್ನೋ ಕಾರ್ಡ್ ಮಾತ್ರ ಜೋಪಾನವಾಗಿ ಇಟ್ಕೊಳ್ಳಿ, ಮುಂದೆ ಎಂ.ಆರ್.ಐ ಮಾಡಿಸೋವಾಗ ಕೇಳ್ತಾರೆ. ಲೋಕಲ್ ಅನಸ್ತೇಷಿಯಾನಾ ಜನರಲ್ಲಾ ಅನ್ನೋದರಲ್ಲಿ ನನಗೆ ಲೋಕಲ್ ಇಷ್ಟ ಆಯ್ತು, ತಲೆ ಸುತ್ತಿದ ತಕ್ಷಣ ಹೇಳಕ್ಕಾಗತ್ತೆ, ಅವರು ಕೈ ನಿಲ್ಲಿಸ್ತಾರೆ. ಪಿಸ್ಟನ್ ಕೂತ ಕ್ಷಣ ಟ್ರೇಲಿ ಇಕ್ಕಳ ಇಟ್ಟ ಸದ್ದು ಎಡಗಿವಿಗೆ ಬಿತ್ತು, ಎಷ್ಟೋ ವರ್ಷದ ಮೇಲೆ. ಆದ್ರೆ ಅಲ್ಲಾಡದೇ ಮಲಗಕ್ಕೆ ಆಗಲ್ಲ, ಹೆದರ್ಕೆ ಅನ್ನೋರು ಜನರಲ್ ತಗೊಳ್ಳಿ, ಅದೇನು ಅವಮಾನ ಅಲ್ಲ.

ಅನುಭವ ಇರೋ ಕೈಯಲ್ಲಿ ನೂರರಲ್ಲಿ ಸುಮಾರು ತೊಂಬತ್ತು ಜನರಿಗೆ ಅಂತರ 10 ಡೆಸಿಬಲ್ ಒಳಗೆ ಮುಚ್ಚತ್ತೆ. ಇದು ಕಿವಿ ಆಪರೇಷನ್‌ಗಳಲ್ಲೇ ತುಂಬಾ ಒಳ್ಳೆ ಲೆಕ್ಕ. ಇನ್ನೊಂದು ಕಡೆ, ನೂರಕ್ಕೆ ಸುಮಾರು ಒಬ್ರಿಗೆ ಆ ಕಿವಿ ಪೂರ್ತಿ ಹೋಗತ್ತೆ. ಪೂರ್ತಿ ಅಂದ್ರೆ ಹಿಯರಿಂಗ್ ಏಡ್ ಹಾಕಿದ್ರೂ ಕೇಳ್ಸಲ್ಲ, ಅದೂ ಅವತ್ತೇ ಆಗ್ಬೇಕಂತಿಲ್ಲ, ಕೆಲವು ದಿನ ಚೆನ್ನಾಗಿದ್ದು ಆಮೇಲೂ ಹೋಗ್ಬೋದು. ನೂರಕ್ಕೊಂದು ತಾನೇ ಅಂತ ಒಬ್ರು ಧೈರ್ಯವಾಗಿ ಹೋಗ್ತಾರೆ, ಅಯ್ಯೋ ನೂರಕ್ಕೊಂದಾ ಅಂತ ಇನ್ನೊಬ್ರು ವಾಪಸ್ ಬರ್ತಾರೆ, ನನ್ನ ಪ್ರಕಾರ ಆ ಒಂದರ ತೂಕ ಗೊತ್ತಾಗೋದು ಇನ್ನೊಂದು ಕಿವಿನ ತಕ್ಕಡಿಗೆ ಹಾಕಿದಾಗ. ಇನ್ನೊಂದು ಕಿವಿ ಸುಮಾರಾಗಿ ಕೇಳ್ತಿದ್ರೆ, ಏಡ್ ಹಾಕಿದ್ರಾದ್ರೂ ಕೇಳ್ತಿದ್ರೆ, ಕೆಟ್ಟದ್ದೇ ಆದ್ರೂ ಜೀವನ ನಡೆಯತ್ತೆ. ಇನ್ನೊಂದು ಕಿವಿ ಮೊದ್ಲೇ ಸತ್ತಿದ್ರೆ, ಕೇಳೋ ಒಂದೇ ಕಿವಿಗೆ ಕತ್ತಿ ಹಾಕೋದು ಬಹುಪಾಲು ಸರ್ಜನ್‌ಗಳು ಒಪ್ಪಲ್ಲ, ಒಪ್ಪಲೂಬಾರ್ದು, ಅಲ್ಲಿ ಹಿಯರಿಂಗ್ ಏಡ್ ಅಷ್ಟೇ. ಮೊದ್ಲು ಮಾಡೋದು ಕೆಟ್ಟ ಕಿವಿಗೆ ಅನ್ನೋ ನಿಯಮಾನೂ ಇದೇ ಲೆಕ್ಕದಿಂದ ಬಂದಿರೋದು.

ಉಳಿದ ಅಪಾಯಗಳಲ್ಲಿ ಸುಮಾರು ಜನರಿಗೆ ಆಗೋದು ಕೆಲವು ದಿನದ ತಲೆಸುತ್ತು, ನನಗೆ ಮೂರು ದಿನ ಗೋಡೆ ಹಿಡ್ಕೊಂಡೇ ಓಡಾಟ. ರುಚಿಯ ನರ ತಮಟೆ ಹಿಂದೇನೇ ಹಾದುಹೋಗತ್ತೆ, ಕೆಲಸ ಮಾಡೋವಾಗ ಅದನ್ನ ಪಕ್ಕಕ್ಕೆ ಸರಿಸ್ಬೇಕು, ಹಾಗಾಗಿ ನಾಲಿಗೆಯ ಆ ಬದಿ ಲೋಹ ನೆಕ್ಕಿದಂಗೆ ಅನ್ಸತ್ತೆ, ವಾರಗಳಲ್ಲೋ ತಿಂಗಳುಗಳಲ್ಲೋ ಬಹುತೇಕ ಸರಿಯಾಗತ್ತೆ, ಅಡುಗೆ ರುಚಿ ನೋಡೋದೇ ಕಸುಬಾಗಿರೋರು ಇದನ್ನ ಸರ್ಜನ್ ಹತ್ರ ಮುಂಚೆನೇ ಮಾತಾಡ್ಬೇಕು. ಎತ್ತರದಲ್ಲಿ ಕೆಲಸ ಮಾಡೋರೂ ಅಷ್ಟೇ, ಬ್ಯಾಲೆನ್ಸ್ ಕೆಟ್ರೆ ಅನ್ನಕ್ಕೇ ಕುತ್ತು. ಮುಖದ ನರಕ್ಕೆ ಪೆಟ್ಟು ಬೀಳೋದು ತೀರಾ ಅಪರೂಪ. ಗುಂಯ್ ಅನ್ನೋದು ಸುಮಾರು ಜನರಿಗೆ ಕಮ್ಮಿಯಾಗತ್ತೆ, ಕೆಲವರಿಗೆ ಹಾಗೇ ಉಳಿಯತ್ತೆ, ಒಬ್ಬಿಬ್ರಿಗೆ ಜಾಸ್ತಿನೂ ಆಗತ್ತೆ, ಹಾಗಾಗಿ ಬರೀ ಗುಂಯ್ ನಿಲ್ಸೋದಕ್ಕೇ ಅಂತ ಆಪರೇಷನ್‌ಗೆ ಹೋಗ್ಬೇಡಿ. ಕಿವಿ ಸೋರ್ತಿರೋವಾಗ, ತಮಟೆ ತೂತಿರೋವಾಗ, ಒಳಗಿವಿಯಿಂದ ತಲೆಸುತ್ತು ಬರಿಸೋ ಮೆನಿಯೆರ್ಸ್ ಕಾಯಿಲೆ ಚುರುಕಾಗಿರೋವಾಗ, ಬಸುರಿಯಾಗಿರೋವಾಗ ಮಾಡಲ್ಲ.

ಆಪರೇಷನ್ ಆದ್ಮೇಲೆ ಕಿವಿಗೆ ನೀರು ತಾಗ್ಬಾರ್ದು, ಮೂಗು ಜೋರಾಗಿ ಸೀಟ್ಬಾರ್ದು, ಸೀನು ಬಂದ್ರೆ ಬಾಯಿ ತೆಗೆದು ಸೀನ್ಬೇಕು, ಭಾರ ಎತ್ಬಾರ್ದು, ಕೆಲವು ವಾರ ವಿಮಾನ ಬೇಡ, ಎಷ್ಟು ವಾರ ಅಂತ ನಿಮ್ಮ ಸರ್ಜನ್ ಹೇಳಿದ್ದೇ ಲೆಕ್ಕ. ಕಿವಿಯೊಳಗೆ ತುಂಬಿಟ್ಟ ಪ್ಯಾಕ್ ತೆಗೆಯೋವರೆಗೂ ಕಿವಿ ಮುಚ್ಚಿದಂಗೇ ಇರತ್ತೆ, ಅವಾಗ್ಲೇ "ಫೇಲ್ ಆಯ್ತು" ಅಂತ ಅಳ್ಬೇಡಿ, ನಾನು ಅತ್ತಿದ್ದೀನಿ. ತೆಗೆದ್ಮೇಲೆ ಉಲ್ಟಾ ಕಷ್ಟ, ಪೇಪರ್ ಮಡಿಸಿದ್ರೆ ಪಟಾಕಿ ಹೊಡೆದಂಗೆ, ಪಾತ್ರೆ ಬಿದ್ರೆ ಎದೆ ಝಲ್ ಅನ್ನತ್ತೆ, ಜೋರು ಶಬ್ದ ತಡೆಯೋ ಸ್ನಾಯುವಿನ ಎಳೆಯನ್ನೇ ಸಾಮಾನ್ಯವಾಗಿ ಕತ್ತರಿಸಿರ್ತಾರಲ್ಲ, ಜೊತೆಗೆ ಮಿದುಳಿಗೂ ಅಭ್ಯಾಸ ತಪ್ಪಿರತ್ತೆ. ನಿಧಾನಕ್ಕೆ ಒಗ್ಗತ್ತೆ. ಆದ್ರೆ ಇದ್ದಕ್ಕಿದ್ದಂಗೆ ಕೇಳ್ಸೋದು ಕಮ್ಮಿಯಾಯ್ತು, ತಲೆಸುತ್ತು ವಾಪಸ್ ಬಂತು, ಜ್ವರ ಬಂತು, ಮುಖ ಒಂದು ಕಡೆ ಎಳೀತು ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬಾರ್ದು, ಅವತ್ತೇ ಹೋಗ್ಬೇಕು.

ಸರ್ಜನ್ ಹತ್ರ ನಾನು ಕೇಳಿದ್ದು ಮೂರೇ ಪ್ರಶ್ನೆ. ಈ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ, ನಿಮ್ಮ ಕೈಯಲ್ಲಿ ಎಷ್ಟು ಜನರಿಗೆ ಅಂತರ 10ರೊಳಗೆ ಬಂದಿದೆ, ಎಷ್ಟು ಜನರಿಗೆ ಕಿವಿ ಹೋಗಿದೆ. ಮೊದ್ಲು ತೋರಿಸಿದ ಒಬ್ರು ಮೂರನೇ ಪ್ರಶ್ನೆಗೆ ಸಿಟ್ಟಾದ್ರು, ಎರಡನೆಯೋರು ಫೈಲ್ ತೆಗೆದು ಲೆಕ್ಕ ಹೇಳಿದ್ರು, ಯಾರ ಹತ್ರ ಮಾಡಿಸ್ಕೊಂಡೆ ಅಂತ ಬೇರೆ ಹೇಳ್ಬೇಕಾಗಿಲ್ಲ. ಅಪರೂಪಕ್ಕೆ ಮಾಡೋ ಕೈಗಿಂತ ದಿನಾ ಪಳಗಿದ ಕೈ ಈ ಆಪರೇಷನ್‌ನಲ್ಲಿ ತುಂಬಾ ವ್ಯತ್ಯಾಸ ಮಾಡತ್ತೆ, ಯಾಕಂದ್ರೆ ಕೆಲಸ ಅರ್ಧ ಮಿಲಿಮೀಟರ್ ಲೆಕ್ಕದ್ದು, ಮತ್ತೆ ಎರಡನೇ ಸಲ ಅದೇ ಕಿವಿಗೆ ರಿವಿಷನ್ ಮಾಡಿಸ್ಬೇಕಾಗಿ ಬಂದ್ರೆ ಮೊದಲ ಸಲದಷ್ಟು ಚೆನ್ನಾಗಿ ಆಗೋದು ಕಮ್ಮಿ, ಅಪಾಯ ಜಾಸ್ತಿ. ರಿವಿಷನ್ ಯಾಕೆ ಬೇಕಾಗತ್ತೆ ಅಂದ್ರೆ ಪಿಸ್ಟನ್ ಜಾರಿರತ್ತೆ, ಇಲ್ಲಾ ಕೊಕ್ಕೆ ಹಿಡಿದಿರೋ ಜಾಗದಲ್ಲಿ ಅಡಿಗಲ್ಲು ಮೂಳೆ ವರ್ಷಾನುಗಟ್ಟಲೆ ಸವೆದಿರತ್ತೆ.

ಕಾಯಿಲೆ ಕಾಕ್ಲಿಯಕ್ಕೂ ಹರಡಿ ನರಾನೂ ಕೈಕೊಟ್ಟಿರೋರು ಸ್ವಲ್ಪ ಜನ ಇರ್ತಾರೆ, ಅವರಿಗೆ ಆಡಿಯೋಗ್ರಾಂನಲ್ಲಿ ಮೂಳೆ ಗೆರೆ ಸಿಗೋದೇ ಇಲ್ಲ, ನೋಡಿದೋರು ಇದು ನರದ್ದೇ ತೊಂದರೆ ಅಂದ್ಬಿಡ್ತಾರೆ. ಅಂಥೋರಿಗೆ ಎರಡು ದಾರಿ. ಸ್ಟೇಪಿಡೋಟಮಿ ಮಾಡಿ ಪವರ್ ಜಾಸ್ತಿ ಇರೋ ಹಿಯರಿಂಗ್ ಏಡ್ ಹಾಕೋದು, ಇಲ್ಲಾ ಕಾಕ್ಲಿಯರ್ ಇಂಪ್ಲಾಂಟ್, ಅಂದ್ರೆ ಕಾಕ್ಲಿಯದೊಳಗೆ ತಂತಿ ತೂರ್ಸಿ ನರಕ್ಕೆ ನೇರವಾಗಿ ಕರೆಂಟ್ ಕೊಡೋ ಸಾಧನ. ಮೊದಲನೇದು ಚಿಕ್ಕದು, ಆಗದಿದ್ರೆ ಇಂಪ್ಲಾಂಟ್ ದಾರಿ ಇದ್ದೇ ಇರತ್ತೆ. ಇಂಪ್ಲಾಂಟ್‌ನಲ್ಲಿ ಮಾತು ಅರ್ಥ ಆಗೋ ಭರವಸೆ ಹೆಚ್ಚು, ಆದ್ರೆ ಈ ಕಾಯಿಲೆಲಿ ಕಾಕ್ಲಿಯ ಒಳಗೆ ಮೂಳೆ ಬೆಳೆದಿದ್ರೆ ತಂತಿ ತೂರ್ಸೋದು ಕಷ್ಟ, ಮೂಳೆ ಮೆತ್ತಗಾಗಿರೋದ್ರಿಂದ ಕರೆಂಟ್ ಸೋರಿ ಮುಖದ ನರ ಮಿಡಿಯೋದೂ ಉಂಟು. ಹಿಯರಿಂಗ್ ಏಡ್ ಹಾಕ್ಕೊಂಡು ಮಾತು ಎಷ್ಟು ಅರ್ಥ ಆಗತ್ತೆ ಅನ್ನೋ ಸ್ಪೀಚ್ ಟೆಸ್ಟ್ ಮಾಡಿಸ್ಕೊಂಡೇ ಇದನ್ನ ನಿರ್ಧಾರ ಮಾಡೋದು.

ಇನ್ನು ನನ್ನ ಬಲಗಿವಿ. ಒಂದು ಕಿವಿ ಆದ್ಮೇಲೆ ಇನ್ನೊಂದಕ್ಕೆ ಆರು ತಿಂಗ್ಳಿಂದ ವರ್ಷ ಆದ್ರೂ ಕಾಯಿಸ್ತಾರೆ, ಮೊದಲನೇದು ನಿಂತಿದೆ ಅಂತ ಖಾತ್ರಿ ಆಗ್ಲಿ ಅಂತ. ನನಗೆ ಆ ವರ್ಷ ಮುಗಿದು ಎಷ್ಟೋ ಆಯ್ತು, ಡಾಕ್ಟ್ರು ಮಾಡ್ಬೋದು ಅಂತಾನೇ ಹೇಳ್ತಾರೆ, ಅಂತರ 30 ಇದೆ, ಎಡಗಿವಿ ಈಗಲೂ ಚೆನ್ನಾಗಿದೆ. ಆದ್ರೂ ಹೋಗಿಲ್ಲ. ಏಡ್ ಹಾಕಿದ್ರೆ ಬಲಗಿವಿಲಿ ಎಲ್ಲಾ ಕೇಳ್ಸತ್ತೆ, ಎಡಗಿವಿಯ ಪಿಸ್ಟನ್ ಮುಂದೊಂದು ದಿನ ಜಾರಿದ್ರೆ ಕೈಗೆ ಒಂದು ಮುಟ್ಟದೇ ಇರೋ ಕಿವಿ ಇರ್ಲಿ ಅಂತ. ಇದೇ ಸ್ಥಿತಿಲಿರೋ ನನ್ನ ಪರಿಚಯದೋರೊಬ್ರು ಎರಡಕ್ಕೂ ಮಾಡಿಸ್ಕೊಂಡು, ಶಬ್ದ ಯಾವ ಕಡೆಯಿಂದ ಬರ್ತಿದೆ ಅಂತ ಈಗ ಗೊತ್ತಾಗತ್ತೆ, ಮಿಷಿನ್ ಹಂಗಿಲ್ಲ ಅಂತ ಖುಷಿಯಾಗಿದ್ದಾರೆ, ಅವರ ಲೆಕ್ಕಾನೂ ತಪ್ಪಲ್ಲ. ಮುಂದಿನ ತಿಂಗ್ಳು ನನಗೆ ಮತ್ತೆ ಆಡಿಯೋಗ್ರಾಂ ಇದೆ, ಬಲಗಿವಿಯ ಮೂಳೆ ಗೆರೆ ಕೆಳಗಿಳಿದಿದ್ಯಾ ಅಂತ ನೋಡ್ಕೊಂಡು ಆಮೇಲೆ ಯೋಚ್ನೆ ಮಾಡ್ತೀನಿ.